ಎಲ್‌ಡಿಎಲ್ ಪರೀಕ್ಷೆ: ಯಾರಿಗೆ ಯಾವುದು ಸಾಕು, ಯಾವುದಕ್ಕೆ ಹೆಚ್ಚಿನ ದುಡ್ಡು ಹಾಕಬಹುದು

ಇಬ್ಬರ ಕೊಲೆಸ್ಟ್ರಾಲ್ ರಿಪೋರ್ಟನ್ನು ಪಕ್ಕಪಕ್ಕದಲ್ಲಿಡಿ. ಇಬ್ಬರದ್ದೂ ಒಟ್ಟು ಕೊಲೆಸ್ಟ್ರಾಲ್ 212. ಮೊದಲನೆಯವರಿಗೆ ಎಚ್‌ಡಿಎಲ್ ('ಒಳ್ಳೆಯ' ಕೊಲೆಸ್ಟ್ರಾಲ್) 38, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 240, ಎಲ್‌ಡಿಎಲ್ ('ಕೆಟ್ಟ' ಕೊಲೆಸ್ಟ್ರಾಲ್) 126. ಎರಡನೆಯವರಿಗೆ ಎಚ್‌ಡಿಎಲ್ 62, ಟ್ರೈಗ್ಲಿಸರೈಡ್ 90, ಎಲ್‌ಡಿಎಲ್ 132. ಎಲ್‌ಡಿಎಲ್ ಸಾಲನ್ನು ಮಾತ್ರ ಓದಿದರೆ ಎರಡನೆಯವರೇ ಹೆದರಬೇಕಾದವರು. ಆದರೆ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು ನೋಡಿ: ಮೊದಲನೆಯವರಿಗೆ 174, ಎರಡನೆಯವರಿಗೆ 150. ರಕ್ತನಾಳದ ಗೋಡೆಗೆ ಹೊಕ್ಕು ಕೂರುವ ಸರಕು ಮೊದಲನೆಯವರಲ್ಲೇ ಹೆಚ್ಚು.

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆಯಿಂದ ಪರೀಕ್ಷೆಗೆ ಹೋಗುವವರ ಮುಂದೆ ಈಗ ಆಯ್ಕೆ ಬಹಳ. ಪೇಟೆಯ ಸಣ್ಣ ಲ್ಯಾಬ್ ಉಂಟು, ಸರಕಾರಿ ಆಸ್ಪತ್ರೆಯ ಲ್ಯಾಬ್ ಉಂಟು, ಮನೆಗೇ ಬಂದು ರಕ್ತ ತೆಗೆಯುವವರು ಉಂಟು, ಮಂಗಳೂರಿನ ದೊಡ್ಡ ಆಸ್ಪತ್ರೆಗಳ 'ಹಾರ್ಟ್ ಪ್ಯಾಕೇಜ್' ಉಂಟು. ಎಲ್ಲಿಗೆ ಹೋಗುವುದು ಎಂಬುದಕ್ಕಿಂತ ಮೊದಲು ಏನನ್ನು ತಿಳಿಯಲಿಕ್ಕೆ ಹೋಗುವುದು ಎಂದು ನಿರ್ಧರಿಸಿದರೆ ಅರ್ಧ ಖರ್ಚು ತಪ್ಪುತ್ತದೆ. ಇಲ್ಲಿ ಬೇರೆ ಹೇಳದ ಕಡೆ ಎಲ್ಲ ಸಂಖ್ಯೆಗಳೂ ಒಂದು ಡೆಸಿಲೀಟರ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿವೆ.

ಮೊದಲು ಒಂದು ಮಾತಿನ ಗೋಜಲು ಬಿಡಿಸಬೇಕು. ಕನ್ನಡದಲ್ಲಿ ಎಲ್ಲಕ್ಕೂ 'ಕೊಬ್ಬು' ಎನ್ನುತ್ತೇವೆ. ಹೊಟ್ಟೆಯ ಮೇಲಿನದ್ದೂ ಕೊಬ್ಬು, ರಿಪೋರ್ಟಿನಲ್ಲಿರುವುದೂ ಕೊಬ್ಬು. ಹಾಗಾಗಿ ಸಪೂರ ಇರುವವರು 'ನನಗೆಲ್ಲಿಯ ಕೊಬ್ಬು' ಎಂದು ಪರೀಕ್ಷೆಗೇ ಹೋಗುವುದಿಲ್ಲ. ಟ್ರೈಗ್ಲಿಸರೈಡ್ ನಿಜವಾದ ಕೊಬ್ಬು. ಕೊಲೆಸ್ಟ್ರಾಲ್ ಮೇಣದಂಥ ಬೇರೆಯೇ ವಸ್ತು, ಅದರ ಬಹುಪಾಲನ್ನು ದೇಹವೇ ತಯಾರಿಸುತ್ತದೆ. ಎಲ್‌ಡಿಎಲ್ ಎಂದರೆ ಆ ಕೊಲೆಸ್ಟ್ರಾಲನ್ನು ಹೊತ್ತು ರಕ್ತದಲ್ಲಿ ತಿರುಗುವ ಕಣ. ತೋಟದಲ್ಲಿ ಹಗಲಿಡೀ ದುಡಿಯುವ ತೆಳ್ಳಗಿನ ಮನುಷ್ಯನಿಗೂ ಎಲ್‌ಡಿಎಲ್ 200 ದಾಟಿರಬಹುದು.

ಒಟ್ಟು ಕೊಲೆಸ್ಟ್ರಾಲ್ ಮಾತ್ರ

ಶಿಬಿರಗಳಲ್ಲಿ ಬೆರಳು ಚುಚ್ಚಿ ಒಂದೇ ಸಂಖ್ಯೆ ಹೇಳುತ್ತಾರಲ್ಲ, ಅದು ಇದು. ಅಗ್ಗ, ಬೇಗ. ಆದರೆ ಮೇಲಿನ ಇಬ್ಬರನ್ನು ಬೇರೆ ಮಾಡಲು ಇದಕ್ಕೆ ಬರುವುದಿಲ್ಲ. 300ರ ಹತ್ತಿರ ಬಂದರೆ ಉಪಯೋಗ ಆಯಿತು, ಕೂಡಲೇ ಪೂರ್ತಿ ಪರೀಕ್ಷೆ ಮಾಡಿಸಬೇಕು. 180 ಬಂತೆಂದು ನಿಶ್ಚಿಂತರಾಗಲು ಇದು ಸಾಲದು. ನಮ್ಮ ದೇಶದಲ್ಲಿ ಎಚ್‌ಡಿಎಲ್ ಕಡಿಮೆ ಇರುವವರು ಬಹಳ. ಎಚ್‌ಡಿಎಲ್ 30 ಇದ್ದರೆ 180ರಲ್ಲಿ 150 ಕೆಟ್ಟ ಲೆಕ್ಕಕ್ಕೇ ಹೋಯಿತು.

ಸಾದಾ ಲಿಪಿಡ್ ಪ್ರೊಫೈಲ್: ಹೆಚ್ಚಿನವರಿಗೆ ಇದೇ ಸಾಕು

ಕೆಲವು ನೂರು ರೂಪಾಯಿಯ ಈ ಪರೀಕ್ಷೆಯಲ್ಲಿ ಲ್ಯಾಬ್ ನಿಜವಾಗಿ ಅಳೆಯುವುದು ಸಾಮಾನ್ಯವಾಗಿ ಮೂರನ್ನು: ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್. ಎಲ್‌ಡಿಎಲ್ ಸಾಲು ಹೆಚ್ಚಿನ ಕಡೆ ಅಳೆದದ್ದಲ್ಲ, ಲೆಕ್ಕ ಹಾಕಿದ್ದು. 1972ರಲ್ಲಿ ಬಂದ ಫ್ರೀಡ್‌ವಾಲ್ಡ್ ಸೂತ್ರ ಇನ್ನೂ ಅನೇಕ ಲ್ಯಾಬುಗಳಲ್ಲಿ ನಡೆಯುತ್ತಿದೆ. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ ವಿಎಲ್‌ಡಿಎಲ್, ಅಂದರೆ ಟ್ರೈಗ್ಲಿಸರೈಡ್ ಹೊರುವ ಕಣಗಳಲ್ಲಿರುವ ಕೊಲೆಸ್ಟ್ರಾಲ್. ಒಟ್ಟಿನಿಂದ ಎಚ್‌ಡಿಎಲ್ಲನ್ನೂ ವಿಎಲ್‌ಡಿಎಲ್ಲನ್ನೂ ಕಳೆದರೆ ಉಳಿದದ್ದು ಎಲ್‌ಡಿಎಲ್. ಮೊದಲನೆಯವರದ್ದು: 212 − 38 − 48 = 126.

ನಿಮ್ಮ ರಿಪೋರ್ಟಿನಲ್ಲಿ ಲೆಕ್ಕ ಹಾಕಿದ್ದೋ ನೇರ ಅಳೆದದ್ದೋ ತಿಳಿಯಬೇಕೆ? ಎಚ್‌ಡಿಎಲ್, ಎಲ್‌ಡಿಎಲ್, ವಿಎಲ್‌ಡಿಎಲ್ ಮೂರನ್ನೂ ಕೂಡಿಸಿ. ಒಟ್ಟು ಕೊಲೆಸ್ಟ್ರಾಲ್ ಸರಿಯಾಗಿ ಬಂದರೆ ಅದು ಕಳೆದು ತೆಗೆದ ಎಲ್‌ಡಿಎಲ್. ಐದೋ ಹತ್ತೋ ವ್ಯತ್ಯಾಸ ಬಂದರೆ ಬಹುಶಃ ನೇರ ಅಳತೆ. ರಿಪೋರ್ಟಿನ ವಿಧಾನದ ಕಾಲಂನಲ್ಲೂ 'ಕ್ಯಾಲ್ಕುಲೇಟೆಡ್', 'ಡೈರೆಕ್ಟ್' ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ.

ಸೂತ್ರ ಎಲ್ಲಿ ಕೈಕೊಡುತ್ತದೆ? ಟ್ರೈಗ್ಲಿಸರೈಡ್ 400 ದಾಟಿದರೆ ಅದನ್ನು ಬಳಸಲೇಬಾರದು. ಇದು ಹಲವರಿಗೆ ಗೊತ್ತು. ಇನ್ನೊಂದು ಜಾಗ ಅಷ್ಟು ಜನರಿಗೆ ಗೊತ್ತಿಲ್ಲ: ಎಲ್‌ಡಿಎಲ್ 70ಕ್ಕಿಂತ ಕೆಳಗಿದ್ದು ಟ್ರೈಗ್ಲಿಸರೈಡ್ ಮೇಲಿರುವಾಗ. ಸ್ಟೆಂಟ್ ಹಾಕಿಸಿಕೊಂಡು ಮಾತ್ರೆ ತಿನ್ನುವ, ಶುಗರ್ ಕೂಡ ಇರುವ ಒಬ್ಬರ ರಿಪೋರ್ಟ್ ಹೀಗಿದೆ ಎಂದುಕೊಳ್ಳಿ: ಒಟ್ಟು 138, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 260. ಹಳೆಯ ಸೂತ್ರದಲ್ಲಿ ಎಲ್‌ಡಿಎಲ್ 52. ಗುರಿ 55ರ ಒಳಗೆ ಬಂತು ಎಂದು ಸಮಾಧಾನ. ಇದೇ ಸಂಖ್ಯೆಗಳನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 2020ರಲ್ಲಿ ಕೊಟ್ಟ ಸೂತ್ರಕ್ಕೆ ಹಾಕಿದರೆ 62 ಬರುತ್ತದೆ. ಗುರಿ ಮುಟ್ಟಿಲ್ಲ. ಎಚ್‌ಡಿಎಲ್ ಕಳೆದ ಉಳಿಕೆ 104. ಅದಕ್ಕಿರುವ ಗುರಿ 85. ಅಲ್ಲಿಯೂ ಮುಟ್ಟಿಲ್ಲ.

ಹೀಗಾಗಿ ನಾವು ಮೊದಲು ನೋಡಲು ಹೇಳುವುದು ಆ ಉಳಿಕೆಯನ್ನೇ: ನಾನ್ ಎಚ್‌ಡಿಎಲ್. ಇದಕ್ಕೆ ಬೇರೆ ಪರೀಕ್ಷೆ ಬೇಡ, ಹೆಚ್ಚಿನ ದುಡ್ಡು ಬೇಡ, ಬರಿಹೊಟ್ಟೆ ಬೇಡ, ಒಂದು ಕಳೆಯುವ ಲೆಕ್ಕ ಸಾಕು. ಗುರಿ ನೆನಪಿಡುವುದೂ ಸುಲಭ: ಎಲ್‌ಡಿಎಲ್ ಗುರಿಗೆ 30 ಕೂಡಿಸಿ. ಕೆಲವು ಲ್ಯಾಬ್ ಇದನ್ನು ಅಚ್ಚು ಹಾಕುವುದೇ ಇಲ್ಲ. ನೀವೇ ಪೆನ್ನಿನಲ್ಲಿ ಬರೆದುಕೊಳ್ಳಿ. ಇನ್ನು ಕೆಳಗೆ ಬರುವ 'ಅನುಪಾತ'ಗಳ ಸಾಲುಗಳು ಅವೇ ಸಂಖ್ಯೆಗಳನ್ನು ತಿರುಗಿಸಿ ಭಾಗಿಸಿದ್ದು, ಪುಟ ತುಂಬುತ್ತದೆ ಅಷ್ಟೆ.

ಲ್ಯಾಬಿನ 'ನಾರ್ಮಲ್' ನಿಮ್ಮ ನಾರ್ಮಲ್ ಅಲ್ಲ

ರಿಪೋರ್ಟಿನ ಬಲಬದಿಯಲ್ಲಿ ಅಚ್ಚಾಗಿರುವ ಪಟ್ಟಿ – 100ರೊಳಗೆ ಉತ್ತಮ, 100ರಿಂದ 129 ಪರವಾಗಿಲ್ಲ, 130ರಿಂದ 159 ಗಡಿ, 160ರಿಂದ 189 ಹೆಚ್ಚು, 190ರ ಮೇಲೆ ಬಹಳ ಹೆಚ್ಚು – ಅಮೆರಿಕದ 2001ರ ಮಾರ್ಗಸೂಚಿಯಿಂದ ಬಂದದ್ದು. ನಿಮಗೆ ಸ್ಟೆಂಟ್ ಇದೆಯೋ, ನೀವು ಬೀಡಿ ಸೇದುತ್ತೀರೋ, ತಂದೆ 48ಕ್ಕೆ ತೀರಿಕೊಂಡರೋ ಎಂಬುದು ಆ ಪಟ್ಟಿಗೆ ಗೊತ್ತಿಲ್ಲ. 98 ಬಂದರೆ ದಪ್ಪಕ್ಷರವೂ ಇಲ್ಲ, ಕೆಂಪು ಗುರುತೂ ಇಲ್ಲ. ಒಮ್ಮೆ ಹೃದಯಾಘಾತ ಆದವರಿಗೆ 98 ಎಂದರೆ ಬಹಳ ಹೆಚ್ಚು.

ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ನಮ್ಮ ದೇಶಕ್ಕೆಂದೇ ಕೊಟ್ಟ ಮಾರ್ಗಸೂಚಿಯಲ್ಲಿ ಗೆರೆಗಳು ಹೀಗಿವೆ. ಸಾಮಾನ್ಯರಿಗೆ ಮತ್ತು ಕಡಿಮೆ ಅಪಾಯದವರಿಗೆ ಎಲ್‌ಡಿಎಲ್ 100ರ ಒಳಗೆ, ನಾನ್ ಎಚ್‌ಡಿಎಲ್ 130ರ ಒಳಗೆ. ಶುಗರ್, ಬಿಪಿಯಂಥ ಕಾರಣಗಳಿಂದ ಹೆಚ್ಚು ಅಪಾಯದಲ್ಲಿರುವವರಿಗೆ 70 ಮತ್ತು 100. ಹೃದಯಾಘಾತ, ಎದೆನೋವಿನ ಕಾಯಿಲೆ, ಪಾರ್ಶ್ವವಾಯು, ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ ಇರುವವರಿಗೆ 55 ಮತ್ತು 85. ಮೊದಲ ಲಿಪಿಡ್ ಪ್ರೊಫೈಲ್ 18ರ ವಯಸ್ಸಿಗೇ ಆಗಲಿ, ಮನೆಯಲ್ಲಿ ಸಣ್ಣ ಪ್ರಾಯದ ಹೃದ್ರೋಗ ಇದ್ದರೆ ಇನ್ನೂ ಮೊದಲೇ ಆಗಲಿ ಎಂದೂ ಅದು ಹೇಳುತ್ತದೆ. 40 ದಾಟಿದ ಮೇಲೆ ನೋಡೋಣ ಎಂಬ ಊರ ಅಭ್ಯಾಸ ನಮಗೆ ಸರಿ ಕಾಣುವುದಿಲ್ಲ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ನಡುವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದ ದೇಶದವರಲ್ಲಿ ಸುಮಾರು 59.

ಯಾವ ಕಾಯಿಲೆಯೂ ಇಲ್ಲದವರು ತಮ್ಮ ಅಪಾಯ ಅಂದಾಜಿಸಲು ವಿಶ್ವ ಆರೋಗ್ಯ ಸಂಸ್ಥೆಯ 2019ರ ಕೋಷ್ಟಕಗಳಿವೆ. ದಕ್ಷಿಣ ಏಷ್ಯಾಕ್ಕೆ ಬೇರೆಯೇ ಕೋಷ್ಟಕ ಉಂಟು. ರಕ್ತಪರೀಕ್ಷೆ ಇಲ್ಲದೆಯೂ ವಯಸ್ಸು, ಗಂಡೋ ಹೆಣ್ಣೋ, ಹೊಗೆಸೊಪ್ಪು, ಮೇಲಿನ ಬಿಪಿ, ಎತ್ತರ-ತೂಕದ ಲೆಕ್ಕ ಇಷ್ಟರಿಂದ ಹತ್ತು ವರ್ಷದ ಅಪಾಯ ಶೇಕಡಾವಾರು ಸಿಗುತ್ತದೆ. ಆದರೆ 190 ಅಥವಾ ಅದಕ್ಕೂ ಮೇಲೆ ಎಲ್‌ಡಿಎಲ್ ಇರುವವರು ಯಾವ ಕೋಷ್ಟಕಕ್ಕೂ ಕೈಹಾಕಬೇಡಿ. ಅದು ಹುಟ್ಟಿನಿಂದಲೇ ಬಂದ ದೋಷ ಇರಬಹುದು. ಪ್ರತಿ 250ರಿಂದ 300 ಜನರಿಗೆ ಒಬ್ಬರಲ್ಲಿ ಇರುವಂಥದ್ದು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿದೆಯೇ, 45ಕ್ಕೆ ಮೊದಲೇ ಕಣ್ಣಿನ ಕಪ್ಪಿನ ಸುತ್ತ ಬಿಳಿ ಬಳೆ ಬಂದಿದೆಯೇ ಎಂದು ವೈದ್ಯರು ನೋಡುತ್ತಾರೆ. ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರಿಗೂ ಪರೀಕ್ಷೆ ಆಗಬೇಕು, ಪ್ರತಿಯೊಬ್ಬರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಗಲ್ಫಿನ ರಿಪೋರ್ಟು

ನಮ್ಮ ಜಿಲ್ಲೆಯ ವಿಶೇಷ ಗೊಂದಲ ಇದು. ಗಲ್ಫಿನಲ್ಲಿ ಮಾಡಿಸಿದ ಕೆಲವರ ರಿಪೋರ್ಟಿನಲ್ಲಿ ಎಲ್‌ಡಿಎಲ್ 3.4 ಎಂದಿರುತ್ತದೆ, ಊರಿಗೆ ಬಂದು ಮಾಡಿಸಿದರೆ 131. 'ಅಲ್ಲಿ ಮೂರಿತ್ತು, ಇಲ್ಲಿ ಬಂದು ನೂರಾಯಿತು' ಎಂದು ಗಾಬರಿಯಾಗುವವರಿದ್ದಾರೆ. ಎರಡೂ ಒಂದೇ. ಅಲ್ಲಿನ ಅಳತೆ ಲೀಟರಿಗೆ ಮಿಲಿಮೋಲ್. ಕೊಲೆಸ್ಟ್ರಾಲಿನ ಸಾಲುಗಳನ್ನು 38.67ರಿಂದ ಗುಣಿಸಿ. ಟ್ರೈಗ್ಲಿಸರೈಡಿಗೆ ಮಾತ್ರ 88.57. ಇಲ್ಲಿ ಒಂದೇ ಸಂಖ್ಯೆಯಿಂದ ಎಲ್ಲವನ್ನೂ ಗುಣಿಸುವುದೇ ತಪ್ಪು. ಬಾಯಿಪಾಠಕ್ಕೆ: 1.4 ಎಂದರೆ ಸುಮಾರು 55, 1.8 ಎಂದರೆ 70, 2.6 ಎಂದರೆ 100, 4.9 ಎಂದರೆ 190.

ಡೈರೆಕ್ಟ್ ಎಲ್‌ಡಿಎಲ್: ಹೆಸರಿನಲ್ಲಿ ಇರುವಷ್ಟು ಖಾತ್ರಿ ಇಲ್ಲ

ನೇರ ಅಳೆದದ್ದು ಎಂದರೆ ಹೆಚ್ಚು ನಿಖರ ಎಂದು ಯಾರಿಗಾದರೂ ಅನಿಸುತ್ತದೆ. ಟ್ರೈಗ್ಲಿಸರೈಡ್ 400 ದಾಟಿದವರಿಗೆ, ಸೂತ್ರ ನಿಂತುಹೋದ ಕಡೆ ಇದು ಬೇಕಾಗುತ್ತದೆ. ಆದರೆ ಒಂದು ಕಂಪೆನಿಯ ಕಿಟ್ ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ, ಅದರಲ್ಲೂ ಟ್ರೈಗ್ಲಿಸರೈಡ್ ಹೆಚ್ಚಿರುವ ರಕ್ತದಲ್ಲಿ. ಅಂದರೆ ಯಾರಿಗಾಗಿ ಈ ಪರೀಕ್ಷೆಯೋ ಅವರಲ್ಲೇ ಅದು ಸ್ವಲ್ಪ ತಡವರಿಸುತ್ತದೆ. ಟ್ರೈಗ್ಲಿಸರೈಡ್ 150ರ ಒಳಗಿರುವವರು ಇದಕ್ಕೆ ಬೇರೆ ದುಡ್ಡು ಕೊಡುವ ಅಗತ್ಯ ಇಲ್ಲ. ಕಳೆದ ಸಲ ಲೆಕ್ಕದ ಎಲ್‌ಡಿಎಲ್, ಈ ಸಲ ಡೈರೆಕ್ಟ್ ಮಾಡಿಸಿ 'ಹನ್ನೆರಡು ಏರಿತು' ಎಂದು ಮಾತ್ರೆ ಬದಲಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಅಪೊ ಬಿ: ಶುಗರ್, ಹೊಟ್ಟೆ, ಟ್ರೈಗ್ಲಿಸರೈಡ್ ಇರುವವರಿಗೆ

ಅಡಿಕೆ ಗೋಣಿ ಹೊತ್ತು ತಲಪಾಡಿ ಟೋಲ್‌ಗೇಟಿಗೆ ಬರುವ ವಾಹನಗಳನ್ನು ನೆನೆಯಿರಿ. ಅಷ್ಟೇ ಗೋಣಿಯನ್ನು ಹತ್ತು ಲಾರಿಯಲ್ಲಿ ತರಬಹುದು, ನಲವತ್ತು ಪಿಕಪ್ಪಿನಲ್ಲೂ ತರಬಹುದು. ಗೇಟಿನಲ್ಲಿ ಸಾಲು ನಿಲ್ಲುವುದು ವಾಹನದ ಲೆಕ್ಕದಲ್ಲಿ, ಗೋಣಿಯ ಲೆಕ್ಕದಲ್ಲಿ ಅಲ್ಲ. ಎಲ್‌ಡಿಎಲ್ ಸಂಖ್ಯೆ ಗೋಣಿಯ ಲೆಕ್ಕ. ಅಪೊ ಬಿ ವಾಹನದ ಲೆಕ್ಕ, ಏಕೆಂದರೆ ಗೋಡೆಗೆ ಹೊಕ್ಕುವ ಪ್ರತಿ ಕಣದಲ್ಲೂ ಈ ಪ್ರೊಟೀನ್ ಒಂದೇ ಒಂದು ಇರುತ್ತದೆ. ಶುಗರ್ ಇರುವವರಲ್ಲಿ, ಹೊಟ್ಟೆ ಬಂದವರಲ್ಲಿ, ಟ್ರೈಗ್ಲಿಸರೈಡ್ ಹೆಚ್ಚಿರುವವರಲ್ಲಿ ಕಣಗಳು ಸಣ್ಣವು, ಸಂಖ್ಯೆ ಜಾಸ್ತಿ. ಅವರ ಎಲ್‌ಡಿಎಲ್ ಸಾಧುವಾಗಿ ಕಾಣುತ್ತದೆ, ಅಪೊ ಬಿ ನಿಜ ಹೇಳುತ್ತದೆ.

2019ರ ಯುರೋಪಿನ ಮಾರ್ಗಸೂಚಿಯಲ್ಲಿ ಇದರ ಗುರಿ ಅತಿ ಹೆಚ್ಚು ಅಪಾಯದವರಿಗೆ 65ರ ಒಳಗೆ, ಹೆಚ್ಚು ಅಪಾಯದವರಿಗೆ 80, ಮಧ್ಯಮದವರಿಗೆ 100. ಊಟ ಮಾಡಿದ್ದರೂ ಅಡ್ಡಿಯಿಲ್ಲ. ಮೊದಲ ಪ್ಯಾರಾದ ಮೊದಲನೆಯವರು ಇದನ್ನು ಮಾಡಿಸಿದರೆ ಅರ್ಥವಿದೆ. ಎರಡನೆಯವರಿಗೆ ಹೊಸದೇನೂ ಗೊತ್ತಾಗಲಿಕ್ಕಿಲ್ಲ. ಕೈ ಬಿಗಿ ಇದ್ದರೆ ನಾನ್ ಎಚ್‌ಡಿಎಲ್ ಇದರ ಹತ್ತಿರದ ತಮ್ಮ, ಬಿಟ್ಟಿ.

ಎಲ್‌ಪಿ(ಎ): ಆಯುಷ್ಯದಲ್ಲಿ ಒಮ್ಮೆ

ಪ್ಯಾಕೇಜಿನ ಉಳಿದ ದುಡ್ಡನ್ನು ಎಲ್ಲಿ ಹಾಕಬೇಕು ಎಂದು ಕೇಳಿದರೆ ನಮ್ಮ ಉತ್ತರ ಇದು. ಬಾಯಲ್ಲಿ 'ಎಲ್‌ಪಿ ಲಿಟಲ್ ಎ' ಎನ್ನುತ್ತಾರೆ. ಎಲ್‌ಡಿಎಲ್ಲಿನಂಥದ್ದೇ ಕಣ, ಮೇಲೊಂದು ಪ್ರೊಟೀನಿನ ಬಾಲ. ಎಷ್ಟಿರುತ್ತದೆ ಎನ್ನುವುದನ್ನು ಬಹುಮಟ್ಟಿಗೆ ವಂಶವಾಹಿಯೇ ನಿರ್ಧರಿಸುತ್ತದೆ. ಪಥ್ಯ, ನಡಿಗೆ ಯಾವುದಕ್ಕೂ ಬಗ್ಗದು, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗೂ ಇಳಿಯದು. ಹಾಗಾಗಿ ಒಮ್ಮೆ ಅಳೆದರೆ ಸಾಕು, ವರ್ಷವರ್ಷ ಮಾಡಿಸುವವರು ದುಡ್ಡು ಚೆಲ್ಲುತ್ತಿದ್ದಾರೆ. ಭಾರತೀಯರಲ್ಲಿ ಸುಮಾರು ನಾಲ್ವರಿಗೊಬ್ಬರಲ್ಲಿ ಇದು 50ರ ಮೇಲಿರುತ್ತದೆ. 'ಬೀಡಿ ಇಲ್ಲ, ಶುಗರ್ ಇಲ್ಲ, ಎಲ್‌ಡಿಎಲ್ ಸರಿ ಇತ್ತು, ಆದರೂ 42ಕ್ಕೆ ಹಾರ್ಟ್‌ಅಟ್ಯಾಕ್' ಎಂಬಂಥ ಮನೆಗಳಲ್ಲಿ ಮೊದಲು ಹುಡುಕಬೇಕಾದ್ದು ಇದನ್ನು.

ಎರಡು ಕಡೆ ಎಡವುತ್ತಾರೆ. ಒಂದು, ಚೀಟಿಯಲ್ಲಿ ಎಲ್‌ಪಿ(ಎ) ಎಂದಿದ್ದರೆ ಕೌಂಟರಿನಲ್ಲಿ 'ಅಪೊ ಎ1' ಎಂದು ಬರೆದುಕೊಳ್ಳುವುದು. ಅದು ಎಚ್‌ಡಿಎಲ್ಲಿನ ಪ್ರೊಟೀನ್, ಸಂಬಂಧವೇ ಇಲ್ಲ. ಬಿಲ್ಲು ಕೊಡುವ ಮೊದಲು ಹೆಸರು ಓದಿ. ಎರಡು, ಅಳತೆ. ಕೆಲವು ಲ್ಯಾಬ್ ಮಿಲಿಗ್ರಾಂನಲ್ಲಿ, ಕೆಲವು ನ್ಯಾನೊಮೋಲ್‌ನಲ್ಲಿ ಕೊಡುತ್ತವೆ. ಅಪಾಯದ ಗೆರೆ ಮೊದಲನೆಯದರಲ್ಲಿ 50, ಎರಡನೆಯದರಲ್ಲಿ ಸುಮಾರು 125. ಬಾಲದ ಉದ್ದ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುವುದರಿಂದ ಕೊಲೆಸ್ಟ್ರಾಲಿನ ಹಾಗೆ ಒಂದೇ ಸಂಖ್ಯೆಯಿಂದ ಗುಣಿಸಿ ಬದಲಿಸಲು ಬರುವುದಿಲ್ಲ. ಹೆಚ್ಚಿದ್ದರೆ ಮಾಡುವುದೇನು? ಅದನ್ನಲ್ಲ, ಉಳಿದದ್ದನ್ನೆಲ್ಲ ಬಿಗಿ ಮಾಡುವುದು: ಎಲ್‌ಡಿಎಲ್ ಗುರಿ ಒಂದು ಮೆಟ್ಟಿಲು ಕೆಳಗೆ, ಬಿಪಿ, ಶುಗರ್, ಹೊಗೆಸೊಪ್ಪು.

ಬರಿಹೊಟ್ಟೆಯಲ್ಲಿ ಹೋಗಬೇಕೇ?

ಬೆಳಗ್ಗೆ ಆರರ ಬಸ್ಸಿಗೆ ಚಾ ಕೂಡ ಕುಡಿಯದೆ ಮಂಗಳೂರಿಗೆ ಹೊರಟು, ಟೋಕನ್ ಹಿಡಿದು ಕೂತು, ಹತ್ತೂವರೆಗೆ ರಕ್ತ ಕೊಟ್ಟು ತಲೆ ತಿರುಗಿ ಬೀಳುವುದು ಕೊಲೆಸ್ಟ್ರಾಲಿಗಾಗಿ ಬೇಕಿಲ್ಲ. ಮಾಮೂಲು ಊಟದ ನಂತರ ಟ್ರೈಗ್ಲಿಸರೈಡ್ ಏರುವುದು ಸರಾಸರಿ 26ರಷ್ಟು, ಎಲ್‌ಡಿಎಲ್ ಇಳಿಯುವುದು 8ರಷ್ಟು ಎಂದು 2016ರಲ್ಲೇ ಯುರೋಪಿನ ತಜ್ಞರ ಮಂಡಳಿ ಲೆಕ್ಕ ಕೊಟ್ಟಿದೆ. ಭಾರತದ 2024ರ ಮಾರ್ಗಸೂಚಿಯೂ ಉಣ್ಣದೆ ಬರಬೇಕೆಂಬ ಹಟ ಬಿಟ್ಟಿದೆ.

ಬರಿಹೊಟ್ಟೆ ಬೇಕಾಗುವುದು ಯಾವಾಗ? ಉಂಡು ಮಾಡಿಸಿದಾಗ ಟ್ರೈಗ್ಲಿಸರೈಡ್ 400 ದಾಟಿದ್ದರೆ, ಮೊದಲೇ ಟ್ರೈಗ್ಲಿಸರೈಡ್ ಹೆಚ್ಚಿದೆ ಎಂದು ಗೊತ್ತಿದ್ದರೆ, ಜೊತೆಯಲ್ಲಿ ಫಾಸ್ಟಿಂಗ್ ಶುಗರ್ ಕೂಡ ನೋಡಬೇಕಿದ್ದರೆ. ಆಗ 9ರಿಂದ 12 ಗಂಟೆ ಸಾಕು, ನೀರು ಕುಡಿಯಬಹುದು, ಬಿಪಿ ಮಾತ್ರೆ ತಿನ್ನಬಹುದು. ಹಾಲು ಸಕ್ಕರೆ ಹಾಕಿದ ಚಾ 'ಸ್ವಲ್ಪವೇ' ಕುಡಿದರೂ ಅದು ಬರಿಹೊಟ್ಟೆ ಅಲ್ಲ. ಶುಗರ್ ಮಾತ್ರೆಯನ್ನೋ ಇನ್ಸುಲಿನನ್ನೋ ತೆಗೆದುಕೊಂಡು ಉಣ್ಣದೆ ಬಸ್ಸು ಹತ್ತಬೇಡಿ. ಸಕ್ಕರೆ ಇಳಿದು ದಾರಿಯಲ್ಲೇ ಪ್ರಜ್ಞೆ ತಪ್ಪಬಹುದು. ಹಿಂದಿನ ದಿನದ ಮದುವೆಯೂಟ, ಎರಡು ದಿನ ಹಿಂದಿನ ಕುಡಿತ ಟ್ರೈಗ್ಲಿಸರೈಡಿನಲ್ಲಿ ಕಾಣುತ್ತದೆ. ಹಾಗೆಂದು ಪರೀಕ್ಷೆಗಾಗಿ ವಾರ ಪಥ್ಯ ಮಾಡಿ ಹೋಗುವುದೂ ಬೇಡ, ದಿನನಿತ್ಯ ನೀವು ಹೇಗಿರುತ್ತೀರೋ ಹಾಗೆಯೇ ಅಳೆಯಬೇಕು.

ಸಂಖ್ಯೆ ಕೆಡುವ ಜಾಗಗಳು

ಮಳೆಗಾಲದಲ್ಲಿ ಜ್ವರ ಬಂದು ಹೋದ ಮೇಲೆ 'ಹೇಗೂ ರಕ್ತ ತೆಗೆಯುತ್ತಾರಲ್ಲ, ಕೊಲೆಸ್ಟ್ರಾಲೂ ನೋಡಲಿ' ಎನ್ನುವುದು ನಮ್ಮಲ್ಲಿ ಮಾಮೂಲು. ಡೆಂಗಿ, ಇಲಿಜ್ವರ, ನ್ಯುಮೋನಿಯದಂಥವು ಎಲ್‌ಡಿಎಲ್ಲನ್ನು ತಾತ್ಕಾಲಿಕವಾಗಿ ಇಳಿಸುತ್ತವೆ. ಮಾತ್ರೆಯೇ ಬೇಡ ಎಂಬಷ್ಟು ಚಂದದ ರಿಪೋರ್ಟು ಬರುತ್ತದೆ. ಸಣ್ಣ ಜ್ವರವಾದರೆ ಎರಡು ಮೂರು ವಾರ, ಆಸ್ಪತ್ರೆ ಸೇರುವಂಥದ್ದಾದರೆ ಎರಡು ಮೂರು ತಿಂಗಳು ಬಿಟ್ಟು ಮಾಡಿಸಿ. ಹೃದಯಾಘಾತದಲ್ಲೂ ಹೀಗೆಯೇ: ಮೊದಲ 24 ಗಂಟೆಯೊಳಗೆ ತೆಗೆದ ರಕ್ತ ನಿಜ ಹೇಳುತ್ತದೆ, ಆಮೇಲೆ ಕೆಲವು ವಾರ ಎಲ್‌ಡಿಎಲ್ ಸುಳ್ಳುಸುಳ್ಳೇ ಕೆಳಗಿರುತ್ತದೆ. ಗರ್ಭಿಣಿಯರಲ್ಲಿ ಇದಕ್ಕೆ ವಿರುದ್ಧ, ಏರುವುದು ಸಹಜ. ಹೆರಿಗೆಯಾಗಿ ಕನಿಷ್ಠ ಆರು ವಾರ ಕಳೆಯಲಿ.

ಇದ್ದಕ್ಕಿದ್ದಂತೆ ಎಲ್‌ಡಿಎಲ್ ಏರಿದ್ದರೆ ಅಡುಗೆಮನೆಯನ್ನು ಬೈಯುವ ಮೊದಲು ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕುಂಠಿತವಾದರೆ ಎಲ್‌ಡಿಎಲ್ ಏರುತ್ತದೆ, ಥೈರಾಯ್ಡ್ ಮಾತ್ರೆಗೆ ತಾನೇ ಇಳಿಯುತ್ತದೆ. ಮೂತ್ರದಲ್ಲಿ ಪ್ರೊಟೀನ್ ಹೋಗುವ ಕಾಯಿಲೆ, ಪಿತ್ತ ಕಟ್ಟುವ ಕಾಯಿಲೆಗಳೂ ಹೀಗೆ ಮಾಡುತ್ತವೆ.

ರಕ್ತ ತೆಗೆಯುವ ಹೊತ್ತಿಗೆ ಐದು ನಿಮಿಷ ಕೂತಿರಬೇಕು. ಮಲಗಿದವರ ರಕ್ತಕ್ಕೂ ನಿಂತವರ ರಕ್ತಕ್ಕೂ ಶೇ. 10ರಷ್ಟು ವ್ಯತ್ಯಾಸ ಬರಬಹುದು. ತೋಳಿನ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿದಿದ್ದರೂ ಸಂಖ್ಯೆ ಏರುತ್ತದೆ. ಮನೆಗೆ ಬಂದು ತೆಗೆದ ರಕ್ತ ಸ್ಕೂಟರಿನ ಪೆಟ್ಟಿಗೆಯಲ್ಲಿ ಮೂರು ಗಂಟೆ ತಿರುಗಿದರೆ? ಕೊಲೆಸ್ಟ್ರಾಲ್ ಗಟ್ಟಿ ಪಿಂಡ, ಅಷ್ಟಕ್ಕೆ ಕೆಡದು. ಆದರೆ ಅದೇ ಟ್ಯೂಬಿನಿಂದ ಶುಗರ್ ನೋಡಿದರೆ ಕಡಿಮೆ ಬರುತ್ತದೆ, ರಕ್ತಕಣಗಳು ಗಂಟೆಗಂಟೆಗೂ ಸಕ್ಕರೆ ತಿನ್ನುತ್ತಿರುತ್ತವೆ. ಅದಕ್ಕೆ ಬೂದು ಮುಚ್ಚಳದ ಬೇರೆ ಟ್ಯೂಬ್ ಬೇಕು.

ಏನೂ ತಪ್ಪಾಗದಿದ್ದರೂ ಎಲ್‌ಡಿಎಲ್ ದಿನದಿಂದ ದಿನಕ್ಕೆ ತೂಗಾಡುತ್ತದೆ. 130 ಇದ್ದವರಿಗೆ ಎರಡು ವಾರ ಬಿಟ್ಟು 120 ಬಂದರೂ 140 ಬಂದರೂ ಅದು ಅದೇ ಮನುಷ್ಯ, ಅದೇ ಎಲ್‌ಡಿಎಲ್. ಅದಕ್ಕೇ ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಲ್ಯಾಬುಗಳ ಗುಣಮಟ್ಟ ನೋಡುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಇದ್ದರೆ ಒಳ್ಳೆಯದು, ಆದರೆ ಮಾನ್ಯತೆ ಲ್ಯಾಬಿಗೆ ಇಡಿಯಾಗಿ ಸಿಗುವುದಲ್ಲ, ಒಂದೊಂದು ಪರೀಕ್ಷೆಗೆ ಸಿಗುವುದು. ಎಲ್‌ಪಿ(ಎ), ಅಪೊ ಬಿ ಅದರಲ್ಲಿ ಇವೆಯೇ ಎಂದು ಕೇಳಬಹುದು.

ತೆಂಗಿನೆಣ್ಣೆಯ ಪ್ರಶ್ನೆಗೂ ಇದೇ ತೂಗಾಟ ಅಡ್ಡ ಬರುತ್ತದೆ. 'ಕೊಲೆಸ್ಟ್ರಾಲ್ ಇಲ್ಲ' ಎಂದು ಬಾಟಲಿಯ ಮೇಲೆ ಬರೆದದ್ದು ಸತ್ಯವೇ, ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಅದಿಲ್ಲ. ಆದರೆ ತೆಂಗಿನೆಣ್ಣೆಯ ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬು, ಪಿತ್ತಜನಕಾಂಗ ಎಲ್‌ಡಿಎಲ್ಲನ್ನು ರಕ್ತದಿಂದ ಸೆಳೆದುಕೊಳ್ಳುವುದನ್ನು ಅದು ನಿಧಾನ ಮಾಡುತ್ತದೆ. ಸೂರ್ಯಕಾಂತಿಯಂಥ ಎಣ್ಣೆಗಳ ಜೊತೆ ಹೋಲಿಸಿದ ಪ್ರಯೋಗಗಳನ್ನು ಒಟ್ಟು ಹಾಕಿದ 2020ರ ವಿಶ್ಲೇಷಣೆಯಲ್ಲಿ ಎಲ್‌ಡಿಎಲ್ ಸರಾಸರಿ 10ರಷ್ಟು ಹೆಚ್ಚು ಬಂತು, ಎಚ್‌ಡಿಎಲ್ ಕೂಡ 4ರಷ್ಟು ಏರಿತು. ನಿಮ್ಮ ಮೈಯಲ್ಲಿ ಎಷ್ಟು ಎಂದು ತಿಳಿಯಬೇಕಾದರೆ ಬೇರೇನನ್ನೂ ಬದಲಿಸದೆ ಆರು ವಾರ ಎಣ್ಣೆ ಮಾತ್ರ ಬದಲಿಸಿ, ಮೊದಲೂ ಕೊನೆಗೂ ಎರಡೆರಡು ಸಲ ಪರೀಕ್ಷಿಸಿ ಸರಾಸರಿ ನೋಡಿ. ಒಂದೊಂದೇ ಸಲ ನೋಡಿದರೆ ಇಳಿದ ಎಂಟು ಎಣ್ಣೆಯದ್ದೋ ತೂಗಾಟದ್ದೋ ಹೇಳಲಾಗದು. ಬೂತಾಯಿ, ಬಂಗುಡೆ ಒಳ್ಳೆಯದೆಂದು ತಿನ್ನುವವರು ಸಾರು ಮಾಡುತ್ತಾರೋ ಎಣ್ಣೆಯಲ್ಲಿ ಮುಳುಗಿಸಿ ಕರಿಯುತ್ತಾರೋ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇಸಿಜಿ, ಟಿಎಂಟಿ, ಕ್ಯಾಲ್ಸಿಯಂ ಸ್ಕೋರ್

'ಇಸಿಜಿ, ಎಕೊ ಎಲ್ಲ ನಾರ್ಮಲ್, ಮತ್ತೆ ಕೊಲೆಸ್ಟ್ರಾಲ್ ಮಾತ್ರೆ ಯಾಕೆ?' ಎಂಬ ಪ್ರಶ್ನೆ ಸರಿಯಾದದ್ದೇ. ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸಿ ತೆಗೆಯುವ ಇಸಿಜಿ) ಹಿಡಿಯುವುದು ನಾಳ ಬಹಳಷ್ಟು, ಹೆಚ್ಚುಕಡಿಮೆ ಶೇ. 70, ಕಿರಿದಾದ ಮೇಲೆ. ಎಲ್‌ಡಿಎಲ್ ಅದಕ್ಕೆ ಹತ್ತಾರು ವರ್ಷ ಮೊದಲಿನ ಮಾತು. ಹಲವು ಹೃದಯಾಘಾತಗಳು ಅಷ್ಟೇನೂ ಕಿರಿದಾಗದ ಜಾಗದಲ್ಲಿ ನಾಳದ ಗೋಡೆಯ ಕೊಲೆಸ್ಟ್ರಾಲ್ ಗಡ್ಡೆ ಒಡೆದು ಆಗುತ್ತವೆ. ಎದೆಯಲ್ಲಿ ಭಾರ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು ಇದ್ದರೆ ಲ್ಯಾಬಿಗಲ್ಲ, ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆಗೆ ಓಡಬೇಕು. ಕೊಲೆಸ್ಟ್ರಾಲ್ ಆ ಹೊತ್ತಿನ ಪರೀಕ್ಷೆಯೇ ಅಲ್ಲ.

ಕ್ಯಾಲ್ಸಿಯಂ ಸ್ಕೋರ್ ಬೇರೆ. ಹೃದಯದ ನಾಳಗಳಲ್ಲಿ ಕಟ್ಟಿದ ಸುಣ್ಣವನ್ನು ಅಳೆಯಲು ಔಷಧಿ ಚುಚ್ಚದೆ ಮಾಡುವ ಸಣ್ಣ ಸಿಟಿ ಸ್ಕ್ಯಾನ್, ವಿಕಿರಣ ಸುಮಾರು 1 ಮಿಲಿಸೀವರ್ಟ್. 40 ದಾಟಿದವರಲ್ಲಿ, ಎಲ್‌ಡಿಎಲ್ 140 ಆಸುಪಾಸು ಇದ್ದು, ಮಾತ್ರೆ ಸುರು ಮಾಡುವುದೋ ಬೇಡವೋ ಎಂದು ರೋಗಿಗೂ ವೈದ್ಯರಿಗೂ ಮನಸ್ಸು ತೂಗುತ್ತಿದ್ದರೆ ಇದು ನಿಜಕ್ಕೂ ಸಹಾಯ ಮಾಡುತ್ತದೆ. 100 ದಾಟಿದರೆ ಮಾತ್ರೆಯ ಪರ. ಸೊನ್ನೆ ಬಂದರೆ ಕೆಲವು ವರ್ಷ ಕಾದು ನೋಡಬಹುದು, ಆದರೆ ಬೀಡಿ-ಸಿಗರೇಟು, ಶುಗರ್, ಮನೆತನದ ಹೃದ್ರೋಗ ಇದ್ದವರಿಗೆ ಈ ಸೊನ್ನೆ ರಕ್ಷಾಪತ್ರ ಅಲ್ಲ. ಸುಣ್ಣ ಕಟ್ಟದ ಮೆತ್ತನೆಯ ಗಡ್ಡೆ ಇದರಲ್ಲಿ ಕಾಣದು. ಸ್ಟೆಂಟ್ ಇರುವವರು, ಎಲ್‌ಡಿಎಲ್ 190 ಇರುವವರು ಇದಕ್ಕೆ ದುಡ್ಡು ಹಾಕಬೇಡಿ, ಅವರಿಗೆ ಉತ್ತರ ಮೊದಲೇ ಗೊತ್ತಿದೆ.

ಮಾತ್ರೆ ಸುರುವಾದ ಮೇಲೆ

ಮರುಪರೀಕ್ಷೆ 4ರಿಂದ 12 ವಾರದೊಳಗೆ. ಸ್ಟಾಟಿನ್‌ಗಳಲ್ಲಿ ಒಂದಾದ ಅಟೋರ್ವಾಸ್ಟಾಟಿನ್ 40 ಮಿಲಿಗ್ರಾಂ ಎಲ್‌ಡಿಎಲ್ಲನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಡೋಸ್ ಇಮ್ಮಡಿ ಮಾಡಿದರೆ ಇನ್ನು ಇಳಿಯುವುದು ಮೊದಲಿದ್ದ ಸಂಖ್ಯೆಯ ಶೇ. 6 ಮಾತ್ರ. 160 ಇದ್ದದ್ದು 80ಕ್ಕೆ ಬಂದು ನಿಂತಿತೆನ್ನಿ. ಮಾತ್ರೆ 80ಕ್ಕೆ ಏರಿಸಿದರೆ 70ರ ಹತ್ತಿರ. 40ರಲ್ಲೇ ಇಟ್ಟು ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ 10 ಮಿಲಿಗ್ರಾಂ ಸೇರಿಸಿದರೆ 64ರ ಹತ್ತಿರ. ಎರಡನೆಯ ದಾರಿ ಹಲವರಿಗೆ ಮೈಗೂ ಹಗುರ. ಎಲ್‌ಡಿಎಲ್ ಸುಮಾರು 39 ಇಳಿದಾಗಲೆಲ್ಲ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಪೆಟ್ಟುಗಳು ಐದರಲ್ಲಿ ಒಂದರಷ್ಟು ಕಡಿಮೆಯಾಗುತ್ತವೆ ಎಂದು ಸ್ಟಾಟಿನ್ ಪ್ರಯೋಗಗಳನ್ನು ಒಟ್ಟುಗೂಡಿಸಿದ ಲೆಕ್ಕ ಹೇಳುತ್ತದೆ.

ಮರುಪರೀಕ್ಷೆಯಲ್ಲಿ ಏನೂ ಇಳಿಯದಿದ್ದರೆ ಮೊದಲ ಕಾರಣ ಔಷಧಿಯ ದೋಷವಲ್ಲ, ಮಾತ್ರೆ ತಪ್ಪುವುದು. 'ರಿಪೋರ್ಟ್ ನಾರ್ಮಲ್ ಬಂತು' ಎಂದು ನಿಲ್ಲಿಸುವವರೇ ಹೆಚ್ಚು. ನಿಲ್ಲಿಸಿದ ಕೆಲವೇ ವಾರದಲ್ಲಿ ಸಂಖ್ಯೆ ಹಿಂದಿನ ಜಾಗಕ್ಕೆ ಬರುತ್ತದೆ. ಜನೌಷಧಿ ಕೇಂದ್ರದಲ್ಲಿ ಸಿಗುವ ಕಡಿಮೆ ಬೆಲೆಯದ್ದೂ ಅದೇ ಔಷಧಿ; ಬ್ರಾಂಡ್ ಬದಲಾದಾಗ ಹೆಸರಲ್ಲ, ಮಿಲಿಗ್ರಾಂ ಒಂದೇ ಇದೆಯೇ ನೋಡಿ. ಸ್ನಾಯು ನೋವು ಜಾಸ್ತಿಯಾದರೆ ತಾವಾಗಿ ಬಿಡದೆ ವೈದ್ಯರಿಗೆ ಹೇಳಿ, ಸ್ನಾಯುವಿನ ಸಿಪಿಕೆ ರಕ್ತಪರೀಕ್ಷೆ ನೋಡಿಸಿ ಮಾತ್ರೆ ಬದಲಿಸುತ್ತಾರೆ.

ಒಮ್ಮೆ ಕಾಸರಗೋಡಿನಲ್ಲಿ, ಒಮ್ಮೆ ಮಂಗಳೂರಿನಲ್ಲಿ, ರಜೆಯಲ್ಲಿ ಬಂದಾಗ ಇನ್ನೊಂದು ಕಡೆ ತೋರಿಸುವವರು ಪ್ರತಿ ರಿಪೋರ್ಟಿನ ಮೇಲ್ಭಾಗದಲ್ಲಿ ಐದು ಸಂಗತಿ ಕೈಯಲ್ಲೇ ಬರೆದಿಡಿ: ಉಂಡು ಎಷ್ಟು ಗಂಟೆಯಾಗಿತ್ತು, ಆಗ ಯಾವ ಮಾತ್ರೆ ಎಷ್ಟು ಮಿಲಿಗ್ರಾಂ ನಡೆಯುತ್ತಿತ್ತು, ಆ ತಿಂಗಳಲ್ಲಿ ಎಷ್ಟು ದಿನ ತಪ್ಪಿತ್ತು, ಹತ್ತಿರದಲ್ಲಿ ಜ್ವರ ಬಂದಿತ್ತೇ, ಎಲ್‌ಡಿಎಲ್ ಲೆಕ್ಕದ್ದೋ ನೇರದ್ದೋ. ಎಲ್‌ಪಿ(ಎ) ರಿಪೋರ್ಟನ್ನು ಲ್ಯಾಮಿನೇಟ್ ಮಾಡಿಸಿ ಬೇರೆ ಇಟ್ಟುಕೊಳ್ಳಿ, ಅದನ್ನು ಯಾರಾದರೂ ಮತ್ತೆ ಬರೆದುಕೊಟ್ಟರೆ ತೋರಿಸಲಿಕ್ಕೆ.